ಮೀಟರಿನ ಆಚೆಯ ಖರ್ಚು

1991ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಒಂದು ಗುರಿ ಹಾಕಿಕೊಂಡಿತು. ಕೊಳಚೆ ನೀರನ್ನು ಶುದ್ಧಮಾಡಿ ಮತ್ತೆ ಬಳಕೆಗೆ ತರುವುದು 2000ನೇ ಇಸವಿಯೊಳಗೆ ವರ್ಷಕ್ಕೆ 7 ಲಕ್ಷ ಎಕರೆ-ಅಡಿಗೆ ಏರಬೇಕು, 2010ರೊಳಗೆ 10 ಲಕ್ಷಕ್ಕೆ ಮುಟ್ಟಬೇಕು. ಎಕರೆ-ಅಡಿ ಎಂದರೆ ಒಂದು ಎಕರೆ ನೆಲದ ಮೇಲೆ ಒಂದಡಿ ಎತ್ತರ ನಿಲ್ಲುವಷ್ಟು ನೀರು, ಸುಮಾರು 12.33 ಲಕ್ಷ ಲೀಟರ್. 2009ರ ಸಮೀಕ್ಷೆಯಲ್ಲಿ ಸಿಕ್ಕ ಲೆಕ್ಕ 6.69 ಲಕ್ಷ, 2015ರಲ್ಲಿ 7.14 ಲಕ್ಷ. ಅಂದರೆ ಮೊದಲ ಮಜಲು ಮುಟ್ಟುವಾಗಲೇ ಹತ್ತು ಹದಿನೈದು ವರ್ಷ ತಡವಾಗಿತ್ತು, ಎರಡನೆಯದು ಕೈಗೆ ಸಿಗಲೇ ಇಲ್ಲ. ಇದಕ್ಕೆ ವಾಡಿಕೆಯಾಗಿ ಎರಡು ಕಾರಣ ಹೇಳುತ್ತಾರೆ: ದುಡ್ಡು ಸಾಲಲಿಲ್ಲ, ಜನ ಹೇಸಿಕೊಂಡರು. ಎರಡರಲ್ಲೂ ನಿಜವಿದೆ. ಬರಗಾಲದಲ್ಲಿ ಮನೆಮನೆಯಲ್ಲೂ ನೀರು ಉಳಿಸಿದ್ದರಿಂದ ಶುದ್ಧಮಾಡಲು ಬರುವ ಕೊಳಚೆಯೇ ಕಡಿಮೆಯಾಯಿತು ಎಂಬ ಮೂರನೆಯ ಕಾರಣವನ್ನೂ ಸೇರಿಸಬಹುದು. ಆದರೆ ಆ ರಾಜ್ಯದ ನೀರಿನ ಚರಿತ್ರೆಯನ್ನು ನೋಡುತ್ತ ಹೋದರೆ ಇವಕ್ಕಿಂತ ಸಪ್ಪೆಯಾದ, ಅದಕ್ಕೇ ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾರಣ ಕಣ್ಣಿಗೆ ಬೀಳುತ್ತದೆ. ನೀರು ಶುದ್ಧವಾಯಿತು, ರಸ್ತೆಯಡಿ ದೊಡ್ಡ ಪೈಪೂ ಬಂತು. ರಸ್ತೆಯ ಅಂಚಿನಿಂದ ಗ್ರಾಹಕನ ಹುಲ್ಲುಹಾಸಿನವರೆಗಿನ ಕೆಲವು ನೂರು ಅಡಿಗಳ ಹೊಣೆ ಯಾರದ್ದೆಂದು ಬಹುಕಾಲ ತೀರ್ಮಾನವಾಗಲಿಲ್ಲ. ಮೀಟರಿನವರೆಗೆ ಮಂಡಳಿ, ಅದರಾಚೆ ಗ್ರಾಹಕ ಎಂಬ ಹಳೆಯ ಗೆರೆ ಹಾಗೇ ಉಳಿದಿತ್ತು. ಆ ಗೆರೆ ದಾಟಿ, ಗ್ರಾಹಕನ ಅಂಗಳದ ನಕ್ಷೆ, ಅರ್ಜಿ, ತಪಾಸಣೆಗೆ ಬೇಕಾದ ಸಲಹೆಗಾರರ ಶುಲ್ಕವನ್ನು ನೀರಿನ ಮಂಡಳಿಗಳೇ ಭರಿಸಲು ಮುಂದಾದದ್ದು ಸರಿಯಾದ ಹೆಜ್ಜೆ, ಅದನ್ನು ಎರಡು ದಶಕ ಮೊದಲೇ ಇಡಬೇಕಿತ್ತು ಎಂಬುದು ನನ್ನ ವಾದ.

ಇಷ್ಟು ತಡವಾದದ್ದೇಕೆ ಎಂದು ತಿಳಿಯಲು ಇನ್ನೂ ಹಿಂದಕ್ಕೆ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕು ಮರಳುದಿಬ್ಬಗಳ ಮೇಲೆ ಎಬ್ಬಿಸಿದ ಉದ್ಯಾನ. ಅದರ ನೀರಡಿಕೆಗೆ ಕೊನೆಯಿರಲಿಲ್ಲ. 1932ರಲ್ಲಿ ಪಾರ್ಕಿನೊಳಗೇ ಒಂದು ಕೊಳಚೆ ಸಂಸ್ಕರಣಾ ಘಟಕ ಕಟ್ಟಿ, ಆ ನೀರನ್ನು ಅಲ್ಲಿನ ಹುಲ್ಲಿಗೂ ಕೊಳಗಳಿಗೂ ಬಿಟ್ಟರು. ಕೊಳಚೆ ನಗರದ್ದು, ಘಟಕ ನಗರದ್ದು, ಹುಲ್ಲೂ ನಗರದ್ದೇ. ಗ್ರಾಹಕ ಎಂಬವನೇ ಇಲ್ಲದ ಮೇಲೆ ಅವನನ್ನು ಒಪ್ಪಿಸುವ ಕೆಲಸವೂ ಇರಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1962ರಲ್ಲಿ ವಿಟಿಯರ್ ನ್ಯಾರೋಸ್ ಘಟಕದ ನೀರನ್ನು ಮಾಂಟೆಬೆಲ್ಲೋ ಪ್ರದೇಶದ ಇಂಗುಗುಂಡಿಗಳಿಗೆ ಬಿಡತೊಡಗಿದರು. ನೀರು ನೆಲಕ್ಕಿಳಿದು ಅಂತರ್ಜಲದೊಂದಿಗೆ ಬೆರೆಯಿತು. ಬೇಕಾದವರು ತಮ್ಮ ತಮ್ಮ ಬಾವಿಗಳಿಂದ ಎತ್ತಿಕೊಂಡರು. ಅಲ್ಲಿಯೂ ಯಾರ ಮನೆಯ ನಲ್ಲಿಯನ್ನೂ ಮುಟ್ಟಬೇಕಾಗಲಿಲ್ಲ. ಮರುಬಳಕೆಯ ಮೊದಲ ದಶಕಗಳೆಲ್ಲ ಹೀಗೆ ಸರ್ಕಾರದ ನೆಲ, ಹೊಲ ಅಥವಾ ಪಾತಾಳದ ಜೊತೆಗಿನ ವ್ಯವಹಾರವಾಗಿಯೇ ಕಳೆದವು. ಎಂಜಿನಿಯರುಗಳ ಜಾಣ್ಮೆಯೆಲ್ಲ ಶುದ್ಧೀಕರಣದ ಮೇಲೆ ನೆಟ್ಟಿತ್ತು. ಕೊನೆಗೆ ನಿಯಮವಾಗಿ ಬಂದ ಗುಣಮಟ್ಟವೂ ಕಟ್ಟುನಿಟ್ಟಿನದೇ: ಜನ ಓಡಾಡುವ ಹುಲ್ಲಿನ ಮೇಲೆ ಚಿಮುಕಿಸುವ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಮಧ್ಯಮಾಂಕ 100 ಮಿಲಿಲೀಟರಿಗೆ 2.2 ಮೀರಬಾರದು.

ಇದರ ನಂತರ ಬಂದದ್ದು ಅರ್ವೈನ್. ಎಲ್ಲರೂ ಉದಾಹರಿಸುವುದು ಅದನ್ನೇ, ಮತ್ತು ನನ್ನ ಲೆಕ್ಕದಲ್ಲಿ ಎಲ್ಲರನ್ನೂ ದಾರಿ ತಪ್ಪಿಸಿದ್ದೂ ಅದೇ. ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ಆರೆಂಜ್ ಕೌಂಟಿಯಲ್ಲಿ, ಒಂದೇ ಕಂಪನಿಯ ಒಡೆತನದಲ್ಲಿದ್ದ ಭಾರಿ ಜಮೀನು. ಅಲ್ಲಿ 1961ರಲ್ಲಿ ನೀರಿನ ಮಂಡಳಿ ಹುಟ್ಟಿತು, 1965ರಲ್ಲಿ ವಿಶ್ವವಿದ್ಯಾಲಯದ ಆವರಣ ತೆರೆಯಿತು, 1967ರಲ್ಲಿ ಸಂಸ್ಕರಿಸಿದ ನೀರು ತೋಟಗಳಿಗೆ ಹರಿಯತೊಡಗಿತು, 1971ರಲ್ಲಿ ಊರು ನಗರವಾಯಿತು. ಈ ಇಸವಿಗಳ ಸರದಿಯಲ್ಲೇ ಗುಟ್ಟಿದೆ: ಮಂಡಳಿ ಮೊದಲು, ಮರುಬಳಕೆಯ ನೀರು ಆಮೇಲೆ, ಊರು ಅದಕ್ಕೂ ಆಮೇಲೆ. ರಸ್ತೆ ಅಗೆಯುವಾಗಲೇ ಎರಡು ಸಾಲು ಪೈಪು ಇಟ್ಟರು. ಕುಡಿಯದ ನೀರಿನ ಪೈಪಿಗೆ ನೇರಳೆ ಬಣ್ಣ ಕೊಡುವ ರೂಢಿ ಹಬ್ಬಿದ್ದು ಅಲ್ಲಿಂದಲೇ, ಈಗ ಅಮೆರಿಕದುದ್ದಕ್ಕೂ ಅದೇ ಬಣ್ಣ. 1991ರಲ್ಲಿ ಎತ್ತರದ ಕಚೇರಿ ಕಟ್ಟಡಗಳ ಶೌಚಾಲಯಗಳಿಗೂ ಈ ನೀರು ಬಿಡಲು ಅರ್ವೈನ್‌ಗೆ ಅನುಮತಿ ಸಿಕ್ಕಿತು. ಹೊಸದಾಗಿ ಕಟ್ಟುವ ಕಡೆ ಎರಡನೆಯ ಪೈಪಿನ ಹೆಚ್ಚುವರಿ ಖರ್ಚು ಕಟ್ಟಡದ ಲೆಕ್ಕದೊಳಗೆ ಕರಗಿಹೋಗುತ್ತದೆ. ಕೊಳ್ಳುವವನಿಗೆ ಅದು ಕಾಣುವುದೂ ಇಲ್ಲ. ಈ ಯಶಸ್ಸನ್ನು ನೋಡಿ ಉಳಿದ ಊರುಗಳು ನೀರು ತಯಾರಿಸಿ ಪೈಪು ಹಾಕಿದರೆ ಸಾಕು, ಗ್ರಾಹಕರು ತಾವಾಗಿ ಬರುತ್ತಾರೆ ಎಂದುಕೊಂಡವು. ಐವತ್ತು ವರ್ಷಗಳ ಹಿಂದೆಯೇ ಕಟ್ಟಿ ಮುಗಿದ ಊರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಕಾನೂನಿನ ಬಲ ಇರಲಿಲ್ಲವೆಂದಲ್ಲ. ನೀರನ್ನು ಪೋಲು ಮಾಡಬಾರದು, ಬಳಕೆ ವಿವೇಕದ್ದಾಗಿರಬೇಕು ಎಂಬುದು 1928ರಲ್ಲೇ ಆ ರಾಜ್ಯದ ಸಂವಿಧಾನಕ್ಕೆ ಸೇರಿತ್ತು. 1976–77ರ ಭೀಕರ ಬರದ ಕಾಲದಿಂದ ಜಲಸಂಹಿತೆ ಇನ್ನೂ ಬಿಚ್ಚಿ ಹೇಳತೊಡಗಿತು: ತಕ್ಕ ಗುಣಮಟ್ಟದ ಮರುಬಳಕೆ ನೀರು ಸಿಗುವಂತಿದ್ದರೆ ಗಾಲ್ಫ್ ಮೈದಾನ, ಸ್ಮಶಾನ, ಉದ್ಯಾನ, ಹೆದ್ದಾರಿ ಬದಿಯ ಹಸಿರಿಗೆ ಕುಡಿಯುವ ನೀರು ಹಾಕುವುದು ಪೋಲು ಎಂದೇ ಲೆಕ್ಕ. ಆದರೆ ಅದೇ ಕಲಮಿನಲ್ಲಿ ಒಂದು ಷರತ್ತೂ ಇದೆ. ಆ ನೀರು ಬಳಕೆದಾರನಿಗೆ ವಿವೇಕದ ಬೆಲೆಗೆ ಸಿಗಬೇಕು. ನೀರು ಅಗ್ಗವಾಗಿದ್ದರೂ ಅದನ್ನು ಒಳಗೆ ತಂದುಕೊಳ್ಳಲು ಅಂಗಳವನ್ನೆಲ್ಲ ಅಗೆಯಬೇಕಾದರೆ ಅದು ವಿವೇಕದ ಬೆಲೆಯೇ? ಈ ಪ್ರಶ್ನೆ ಎದ್ದ ಕಡೆಯಲ್ಲೆಲ್ಲ ಕಡ್ಡಾಯದ ಹಲ್ಲು ಮೊಂಡಾಯಿತು. 1987ರಿಂದ 1992ರವರೆಗಿನ ಬರದ ಫಲವಾಗಿ ಎದ್ದ ದೊಡ್ಡ ಘಟಕಗಳಲ್ಲೊಂದು ಎಲ್ ಸೆಗುಂಡೋದ್ದು. ವೆಸ್ಟ್ ಬೇಸಿನ್ ಮಂಡಳಿ ಅದನ್ನು 1995ರಲ್ಲಿ ತೆರೆಯಿತು. ಲಾಸ್ ಏಂಜಲೀಸಿನ ಹೈಪೀರಿಯನ್ ಘಟಕದಿಂದ ಸಮುದ್ರ ಸೇರಬೇಕಿದ್ದ ನೀರನ್ನು ತಂದು, ಬಳಕೆಗೆ ತಕ್ಕಂತೆ ಐದು ಬಗೆಯಾಗಿ ಹದಮಾಡುವ ಘಟಕ ಅದು. ಪಕ್ಕದಲ್ಲೇ ಇದ್ದ ಶೆವ್ರಾನ್ ತೈಲ ಶುದ್ಧೀಕರಣಾಗಾರ ದೊಡ್ಡ ಗ್ರಾಹಕವಾಯಿತು. ಆಗುವುದು ಸಹಜ. ಅಂಥ ಕಾರ್ಖಾನೆಯಲ್ಲಿ ಪೈಪುಗಳ ನಕ್ಷೆ ಇರುತ್ತದೆ, ಅದನ್ನು ಓದಬಲ್ಲ ಎಂಜಿನಿಯರುಗಳಿರುತ್ತಾರೆ, ಅನುಮತಿಯ ಕಾಗದಪತ್ರ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಶಾಲೆ, ಚರ್ಚು, ಸ್ಮಶಾನ, ಮನೆಮಾಲೀಕರ ಸಂಘ ಇವಕ್ಕೆ ಇದಾವುದೂ ಇರುವುದಿಲ್ಲ. ದೊಡ್ಡ ಗಿರಾಕಿಗಳು ಮೊದಲ ಕೆಲವು ವರ್ಷಗಳಲ್ಲೇ ಸಿಕ್ಕಿಬಿಡುತ್ತಾರೆ. ಆಮೇಲೆ ಉಳಿಯುವುದು ಈ ಸಣ್ಣವರು, ಅವರೇ ಸಾವಿರಾರು.

ಅಂಥ ಒಂದು ಅಂಗಳದಲ್ಲಿ, ನಲವತ್ತು ವರ್ಷದ ಹಿಂದೆ ಮಾಡಿದ ಶಾಲೆಯ ಮೈದಾನದಲ್ಲಿ ಎಂದಿಟ್ಟುಕೊಳ್ಳಿ, ಪರಿವರ್ತನೆ ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಲಹೆಗಾರ ಮೊದಲು ಕೇಳುವುದು ಹಳೆಯ ನೀರಾವರಿ ನಕ್ಷೆಯನ್ನು. ನಕ್ಷೆ ಸಿಗುವುದಿಲ್ಲ, ಸಿಕ್ಕರೂ ನೆಲದಡಿ ಇರುವುದಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ನಡುವೆ ಯಾರೋ ಪ್ಲಂಬರು ಹತ್ತಿರವಿದ್ದ ತುಂತುರು ಲೈನಿನಿಂದಲೇ ಕವಲು ತೆಗೆದು ಆಟಗಾರರಿಗೆ ಕುಡಿಯುವ ನೀರಿನ ಕಾರಂಜಿ ಕೊಟ್ಟಿರುತ್ತಾನೆ. ಇನ್ನೊಬ್ಬ ತಿಂಡಿ ಮಾರುವ ಗೂಡಿನ ಸಿಂಕಿಗೂ ಅಲ್ಲಿಂದಲೇ ಎಳೆದಿರುತ್ತಾನೆ. ಆಗ ಅದು ತಪ್ಪಾಗಿರಲಿಲ್ಲ, ಎಲ್ಲವೂ ಒಂದೇ ನೀರು. ಈಗ ಅಂಥ ಪ್ರತಿಯೊಂದು ಕವಲನ್ನೂ ಹುಡುಕಿ ಕುಡಿಯುವ ನೀರಿನ ಕಡೆಗೆ ತಿರುಗಿಸಬೇಕು. ಕುಡಿಯುವ ನೀರಿನ ಮೀಟರಿನ ಪಕ್ಕ ಹಿಮ್ಮುಖ ಹರಿವು ತಡೆಯುವ ಸಾಧನ ಕೂರಿಸಬೇಕು. ತೋಟದ ಸಾಮಾನ್ಯ ನಲ್ಲಿಗಳನ್ನೆಲ್ಲ ಕಿತ್ತು, ವಿಶೇಷ ಕೀಲಿಯಿಲ್ಲದೆ ಹೋಸು ಸಿಕ್ಕಿಸಲಾಗದ ಜೋಡಣೆಗಳನ್ನು ಹಾಕಬೇಕು, ಯಾವ ಮಗುವೂ ಬಾಯಿಟ್ಟು ಕುಡಿಯದ ಹಾಗೆ. ವಾಲ್ವಿನ ಪೆಟ್ಟಿಗೆಗಳಿಗೆ ನೇರಳೆ ಮುಚ್ಚಳ ಬರಬೇಕು. ಕುಡಿಯಬೇಡಿ ಎಂಬ ಫಲಕ ಕನಿಷ್ಠ 4 ಇಂಚು ಎತ್ತರ, 8 ಇಂಚು ಅಗಲ ಇರಬೇಕು. ಕುಡಿಯುವ ನೀರಿನ ಬಾವಿಯಿದ್ದರೆ ಅದರಿಂದ 50 ಅಡಿ ಬಿಟ್ಟು ನೀರು ಹಾಯಿಸಬೇಕು. ತುಂತುರು ಕುಡಿಯುವ ಕಾರಂಜಿಯ ಮೇಲೆ ಸಿಡಿಯದಂತೆ ಕೋನ ಹೊಂದಿಸಬೇಕು. ಇಷ್ಟೆಲ್ಲ ಆದ ಮೇಲೆ ಅಡ್ಡಜೋಡಣೆಯ ಪರೀಕ್ಷೆ: ಒಂದು ಲೈನನ್ನು ಮುಚ್ಚಿ ಒತ್ತಡ ಇಳಿಸಿ, ಇನ್ನೊಂದರಲ್ಲಿ ಒತ್ತಡ ಇಟ್ಟುಕೊಂಡು, ನಲ್ಲಿ ನಲ್ಲಿಗೂ ಹೋಗಿ ತಿರುಗಿಸಿ ನೋಡುವುದು, ಆಮೇಲೆ ಅದನ್ನೇ ಅದಲುಬದಲು ಮಾಡಿ ಮತ್ತೊಮ್ಮೆ ನೋಡುವುದು. ಇದರ ವರದಿಯನ್ನು ಆರೋಗ್ಯ ಇಲಾಖೆ ಒಪ್ಪಬೇಕು. ಇದರಲ್ಲಿ ಪೈಪಿನ ಬೆಲೆ ಸಣ್ಣದು. ದುಬಾರಿಯಾದದ್ದು ತಿಳಿವಳಿಕೆ, ಮತ್ತು ಅದಕ್ಕೆ ಹಿಡಿಯುವ ಸಮಯ. ಶಾಲೆಯ ಆಡಳಿತಾಧಿಕಾರಿಗೆ ಮೊದಲ ದಿನವೇ ಬೇಕಾದದ್ದು ಅಗೆಯುವವನಲ್ಲ. ಎಲ್ಲಿ ಅಗೆಯಬೇಕು, ಎಷ್ಟಾಗುತ್ತದೆ, ಯಾರ ಸಹಿ ಬೇಕು ಎಂದು ಹೇಳಬಲ್ಲವನು. ಅಂಥವನ ಶುಲ್ಕವನ್ನು ಯೋಜನೆ ಆಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಕೊಡಬೇಕು. ಸಣ್ಣ ಸಂಸ್ಥೆ ಹಿಂಜರಿಯುವುದು ಅಲ್ಲಿಯೇ.

ಸಾರ್ವಜನಿಕ ಹಣ ಮಾತ್ರ ಬಹುಕಾಲ ಬೇರೆ ಕಡೆ ಹರಿಯಿತು. 1992ರ ಫೆಡರಲ್ ಕಾಯಿದೆ ಯೋಜನಾ ವೆಚ್ಚದ ನಾಲ್ಕನೇ ಒಂದು ಪಾಲು ಕೊಡುವ ಏರ್ಪಾಡು ಮಾಡಿತು. 2014ರಲ್ಲಿ ಮತದಾರರು ಒಪ್ಪಿದ ಬಾಂಡಿನಲ್ಲಿ ಮರುಬಳಕೆಗೆಂದೇ 72.5 ಕೋಟಿ ಡಾಲರ್ ಇತ್ತು. ಘಟಕ, ಪಂಪು, ದೊಡ್ಡ ಪೈಪು ಇವು ಉದ್ಘಾಟನೆಗೆ ಒದಗುವ ವಸ್ತುಗಳು. ಶಾಲೆಯ ಹಿತ್ತಲಿನ ನಲ್ಲಿ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಸಗಟಾಗಿ ನೀರು ಒದಗಿಸುವ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ 1982ರಿಂದಲೇ ಸ್ಥಳೀಯ ಮರುಬಳಕೆಗೆ ಧನಸಹಾಯ ಕೊಡುತ್ತಿತ್ತು. ಆ ಹಣ ಸಲ್ಲುತ್ತಿದ್ದುದು ಮಂಡಳಿಗಳಿಗೆ, ಮಾರಾಟವಾದ ನೀರಿನ ಲೆಕ್ಕದಲ್ಲಿ. ಗ್ರಾಹಕ ಬಾರದಿದ್ದರೆ ಘಟಕವೂ ಖಾಲಿ, ಸಹಾಯಧನವೂ ಖಾಲಿ. 2014ರ ಜನವರಿಯಲ್ಲಿ ಬರದ ತುರ್ತುಸ್ಥಿತಿ ಘೋಷಣೆಯಾಗಿ, ಆ ವರ್ಷದ ನಡುವೆ ಇದೇ ಸಂಸ್ಥೆ ಗ್ರಾಹಕನ ಅಂಗಳದ ಪರಿವರ್ತನೆಗೇ ನೇರವಾಗಿ ಹಣ ಕೊಡುವ ಯೋಜನೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ಉಳಿಯಬಹುದಾದ ಪ್ರತಿ ಎಕರೆ-ಅಡಿ ಕುಡಿಯುವ ನೀರಿಗೆ 195 ಡಾಲರಿನಂತೆ ಐದು ವರ್ಷದ ಲೆಕ್ಕ, ನಿಜವಾದ ಖರ್ಚನ್ನು ಮೀರದಂತೆ. ವರ್ಷಕ್ಕೆ 40 ಎಕರೆ-ಅಡಿ ಕುಡಿಯುವ ಉದ್ಯಾನಕ್ಕೆ ಇದು 39,000 ಡಾಲರ್ ಆಗುತ್ತದೆ. ಮುಖ್ಯವಾದದ್ದು ಮೊತ್ತವಲ್ಲ. ಅರ್ಹ ಖರ್ಚುಗಳ ಪಟ್ಟಿಯಲ್ಲಿ ಪೈಪು, ಫಲಕಗಳ ಜೊತೆಗೆ ವಿನ್ಯಾಸ ಮತ್ತು ಅನುಮತಿ ಪಡೆಯುವ ಕೆಲಸವೂ ಸೇರಿತ್ತು. ಮೀಟರಿನ ಗೆರೆ ಅಳಿಸಿದ್ದು ಇಲ್ಲಿ.

ಇದಕ್ಕೆ ಮೊದಲ ಆಕ್ಷೇಪ ನ್ಯಾಯದ್ದು: ಗಾಲ್ಫ್ ಕ್ಲಬ್ಬಿನ ಹುಲ್ಲಿಗೆ ಊರವರೆಲ್ಲರ ನೀರಿನ ಬಿಲ್ಲಿನಿಂದ ಹಣ ಏಕೆ? ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ದಾನ ಮಾಡಕೂಡದೆಂದು ಆ ರಾಜ್ಯದ ಸಂವಿಧಾನವೇ ಹೇಳುತ್ತದೆ, ಮತ್ತು 1996ರ ಜನಮತದಿಂದ ಬಂದ ತಿದ್ದುಪಡಿಯ ಪ್ರಕಾರ ಯಾರಿಂದಲೂ ಅವರಿಗೆ ಒದಗಿಸಿದ ಸೇವೆಯ ವೆಚ್ಚಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಇದೇ ತಿದ್ದುಪಡಿಯ ಆಧಾರದ ಮೇಲೆ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೋ ಊರಿನ ನೀರಿನ ದರದ ವಿರುದ್ಧ ತೆರಿಗೆದಾರರ ಸಂಘ ಹೂಡಿದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಕೊಟ್ಟ ತೀರ್ಪನ್ನು ಗಮನಿಸಬೇಕು. ಏರುದರದ ಹಂತಗಳನ್ನು ಅದು ಒಪ್ಪಲಿಲ್ಲ. ಆದರೆ ಮರುಬಳಕೆ ಘಟಕದ ಬಂಡವಾಳವನ್ನು ಆ ನೀರನ್ನು ಮುಟ್ಟದ ಗ್ರಾಹಕರಿಂದ ವಸೂಲಿ ಮಾಡಲೇಬಾರದು ಎಂಬ ವಾದವನ್ನೂ ಒಪ್ಪಲಿಲ್ಲ. ಕುಡಿಯದ ನೀರು ಹುಲ್ಲಿಗೆ ಹೋದಷ್ಟೂ ಕುಡಿಯುವ ನೀರು ಉಳಿಯುತ್ತದೆ, ಎರಡೂ ಒಂದೇ ಪೂರೈಕೆಯ ಭಾಗ ಎಂಬುದು ಅದರ ತರ್ಕ. ಕಡಿಮೆ ನೀರು ಬಳಸುವವರ ಮೇಲೆ ಆ ಹೊರೆ ಎಷ್ಟು ಬೀಳಬೇಕೆಂಬುದನ್ನು ಮಾತ್ರ ಮರುಪರಿಶೀಲನೆಗೆ ಬಿಟ್ಟಿತು. ಈ ತರ್ಕ ಘಟಕಕ್ಕೆ ಸಲ್ಲುವುದಾದರೆ ಘಟಕದ ನೀರು ಹುಲ್ಲು ಮುಟ್ಟುವ ಕೊನೆಯ ಪೈಪಿಗೆ ಸಲ್ಲದಿರಲು ಕಾರಣ ಕಾಣೆ. ಲಾಭ ಯಾರಿಗೆ ಎಂದು ಕೇಳಿದರೆ ಸ್ಯಾನ್ ಹೋಸೆಯ ಕಥೆ ಇನ್ನೂ ಸ್ಪಷ್ಟ. ಕನ್ನಡಿಗರೂ ಸಾಕಷ್ಟು ನೆಲೆಸಿರುವ ಆ ಸಿಲಿಕಾನ್ ಕಣಿವೆಯಲ್ಲಿ ಮರುಬಳಕೆ ಶುರುವಾದದ್ದು ನೀರಿನ ಕೊರತೆಯಿಂದಲ್ಲ. ಘಟಕದಿಂದ ಕೊಲ್ಲಿಗೆ ಹರಿಯುವ ಸಿಹಿನೀರು ಉಪ್ಪುಜೌಗಿನ ಗುಣವನ್ನೇ ಬದಲಿಸಿ ಅಲ್ಲಿನ ಅಪರೂಪದ ಇಲಿ, ಹಕ್ಕಿಗಳ ನೆಲೆ ಕಳೆಯುತ್ತಿತ್ತು. ಬೇಸಿಗೆಯಲ್ಲಿ ದಿನಕ್ಕೆ 12 ಕೋಟಿ ಗ್ಯಾಲನ್ ಎಂಬ ಮಿತಿ ಬಿತ್ತು. ಅದಕ್ಕೆ 1990ರ ದಶಕದ ಕೊನೆಗೆ ನೇರಳೆ ಪೈಪು ಬಂತು. ಕೊಡುವವನಿಗೇ ತುರ್ತಿರುವ ಇಂಥ ಕಡೆ ಮಂಡಳಿ ಗ್ರಾಹಕನ ಅಂಗಳದ ಖರ್ಚಿಗೆ ಕೈಜೋಡಿಸಿದರೆ ಅದನ್ನು ದಾನ ಎನ್ನುವುದು ಹೇಗೆ?

ನೀರಿನ ದರದಲ್ಲೇ ರಿಯಾಯಿತಿ ಕೊಟ್ಟರೆ ಗ್ರಾಹಕ ತಾನೇ ಲೆಕ್ಕ ಹಾಕಿ ಬರುತ್ತಾನೆ ಎನ್ನುವವರೂ ಇದ್ದಾರೆ. ಅರ್ಥಶಾಸ್ತ್ರದ ಪಾಠದಲ್ಲಿ ಇದು ಸರಿ. ಆದರೆ ಬಿಲ್ಲು ಕಟ್ಟುವವನೂ ಬಂಡವಾಳ ಹೂಡುವವನೂ ಒಬ್ಬನೇ ಆಗಿರುವುದು ಅಪರೂಪ. ಬಾಡಿಗೆ ಕಟ್ಟಡದಲ್ಲಿ ನೀರಿನ ಉಳಿತಾಯ ಬಾಡಿಗೆದಾರನಿಗೆ, ಪೈಪಿನ ಖರ್ಚು ಮಾಲೀಕನಿಗೆ. ಮನೆಮಾಲೀಕರ ಸಂಘದಲ್ಲಿ ಈ ವರ್ಷದ ಸಮಿತಿ ಖರ್ಚು ಮಾಡಿದರೆ ಅದರ ಫಲ ಉಣ್ಣುವುದು ಮೂರು ಸಮಿತಿಗಳ ನಂತರದವರು. ಇದರ ಜೊತೆಗೆ ಭಯವೂ ಇದೆ. ಮರುಬಳಕೆಯ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಹುಲ್ಲು ತಾಳಿಕೊಳ್ಳುತ್ತದೆ, ಕರಾವಳಿ ರೆಡ್‌ವುಡ್ ಮರ ತಾಳುವುದಿಲ್ಲ. ಮರ ಒಣಗಿದರೆ ಉತ್ತರ ಹೇಳಬೇಕಾದವನು ಒಪ್ಪಿಗೆ ಕೊಟ್ಟ ಅಧಿಕಾರಿ. ಯಾವ ಮರಕ್ಕೆ ಬೇರೆ ಲೈನು ಬೇಕು, ಮಣ್ಣಿನ ಉಪ್ಪು ತೊಳೆಯಲು ಎಷ್ಟು ಹೆಚ್ಚು ನೀರು ಬಿಡಬೇಕು ಎಂದು ಮೊದಲೇ ತಿಳಿದವರು ಹೇಳಿದರೆ ಆ ಭಯಕ್ಕೆ ಒಂದು ಅಳತೆ ಬರುತ್ತದೆ. ದರದ ರಿಯಾಯಿತಿ ಆ ಕೆಲಸ ಮಾಡಲಾರದು.

ಹಾಗಾದರೆ ಇದು ಸಲಹೆಗಾರರ ಜೇಬು ತುಂಬುವ ದಾರಿಯಾಗದೇ? ಆಗಬಹುದು, ನಮ್ಮಲ್ಲೂ ಯೋಜನಾ ವರದಿಗಳ ಕಟ್ಟು ಬೀರುವಿನಲ್ಲಿ ಬೆಳೆಯುವುದನ್ನು ಕಂಡವರಿಗೆ ಈ ಸಂಶಯ ಹೊಸದಲ್ಲ. ಆದರೆ ಹಣ ಬಿಡುವ ರೀತಿಯಲ್ಲಿ ಇದಕ್ಕೆ ತಡೆಯಿದೆ. ವರದಿ ಬರೆದದ್ದಕ್ಕಲ್ಲ, ನೀರು ಬದಲಾದದ್ದಕ್ಕೆ ಹಣ ಎಂದಿಟ್ಟರೆ ಬೀರುವಿನ ವರದಿಗೆ ಏನೂ ಸಿಗುವುದಿಲ್ಲ. ಮೆಟ್ರೊಪಾಲಿಟನ್ ಎಕರೆ-ಅಡಿಯ ಲೆಕ್ಕ ಇಟ್ಟುಕೊಂಡದ್ದು ಅದಕ್ಕೇ ಒಪ್ಪುತ್ತದೆ. ಮಂಡಳಿಯೇ ಒಬ್ಬ ಎಂಜಿನಿಯರನ್ನು ಇಟ್ಟುಕೊಂಡು ಹತ್ತಾರು ಅಂಗಳಗಳನ್ನು ಒಟ್ಟಿಗೆ ನೋಡಿಸಿದರೆ ಇನ್ನೂ ಅಗ್ಗ. ಆರೋಗ್ಯ ಇಲಾಖೆಯ ಪರಿವೀಕ್ಷಕರಿಗೂ ಪ್ರತಿ ಸಲ ಹೊಸ ಮುಖದೊಂದಿಗೆ ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ಇನ್ನೊಂದು. ಅಂಗಳ ಅಂಗಳಕ್ಕೂ ನೇರಳೆ ಪೈಪು ಎಳೆಯುವ ಬದಲು ನೀರನ್ನು ಕುಡಿಯುವ ಮಟ್ಟಕ್ಕೇ ಶುದ್ಧಮಾಡಿ ಹಳೆಯ ಪೈಪಿಗೆ ಸೇರಿಸಬಾರದೇಕೆ? ಆಗ ಪರಿವರ್ತನೆಯೂ ಬೇಡ, ಸಲಹೆಗಾರನೂ ಬೇಡ. ಆರೆಂಜ್ ಕೌಂಟಿ 2008ರಿಂದ ಮಾಡುತ್ತಿರುವುದು ಇದನ್ನೇ. ಸೂಕ್ಷ್ಮ ಜರಡಿ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಬೆಳಕು ದಾಟಿದ ನೀರನ್ನು ನೆಲಕ್ಕೆ ಇಂಗಿಸುತ್ತದೆ. ದಿನಕ್ಕೆ 7 ಕೋಟಿ ಗ್ಯಾಲನ್ನಿನಿಂದ ಶುರುವಾದ ಸಾಮರ್ಥ್ಯ 2023ಕ್ಕೆ 13 ಕೋಟಿಗೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಶುದ್ಧಮಾಡಿದ ನೀರನ್ನು ನೆಲದ ಮಧ್ಯಸ್ಥಿಕೆಯಿಲ್ಲದೆ ಕುಡಿಯುವ ಜಾಲಕ್ಕೆ ಸೇರಿಸಲು ಬೇಕಾದ ನಿಯಮಗಳನ್ನೂ ರಾಜ್ಯ ಒಪ್ಪಿತು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದೂ ಈ ಅರ್ಥದಲ್ಲಿ ಇದೇ ಜಾತಿಗೆ ಸೇರುತ್ತದೆ: ನೀರು ಕೆರೆ ಸೇರುತ್ತದೆ, ರೈತನ ಬೋರ್‌ವೆಲ್ ಇದ್ದ ಹಾಗೇ ಇರುತ್ತದೆ, ಯಾರ ಪೈಪನ್ನೂ ಬದಲಿಸಬೇಕಿಲ್ಲ. ಅಲ್ಲಿ ನೀರು ಎರಡನೇ ಹಂತದವರೆಗಷ್ಟೇ ಶುದ್ಧವಾಗುತ್ತದೆಂಬ ದೊಡ್ಡ ಜಗಳ ಬೇರೆ ವಿಷಯ. ಹೊಸ ಘಟಕ ಕಟ್ಟುವ ಊರು ಇವತ್ತು ಈ ದಾರಿ ಹಿಡಿದರೆ ನಾನು ತಕರಾರು ಮಾಡೆ. ಆದರೆ ಇಂಗಿಸಲು ತಕ್ಕ ನೆಲ ಎಲ್ಲ ಕಡೆ ಇಲ್ಲ, ನೇರವಾಗಿ ಸೇರಿಸುವ ಘಟಕಗಳು ಎದ್ದು ನಿಲ್ಲಲು ವರ್ಷಗಳು ಬೇಕು, ಉಪ್ಪನ್ನೂ ಬಿಡದೆ ತೆಗೆಯುವ ಶುದ್ಧೀಕರಣಕ್ಕೆ ತಗಲುವ ವಿದ್ಯುತ್ತು ಹುಲ್ಲಿಗೆ ದಂಡ. ಅದಕ್ಕಿಂತ ಹೆಚ್ಚಾಗಿ, ನೇರಳೆ ಪೈಪುಗಳು ಆಗಲೇ ರಸ್ತೆಯಡಿ ಮಲಗಿವೆ, ಅವುಗಳ ಸಾಲ ತೀರುತ್ತಲೇ ಇದೆ. ಪೈಪು ಹಾದುಹೋಗುವ ರಸ್ತೆಯ ಪಕ್ಕದ ಉದ್ಯಾನ ಇನ್ನೂ ಕುಡಿಯುವ ನೀರನ್ನೇ ಹೀರುತ್ತಿದ್ದರೆ ಅದನ್ನು ಜೋಡಿಸಲು ತಗಲುವ ಹಣ ಹೊಸ ಘಟಕದ ಹಣದ ಮುಂದೆ ಅಲ್ಪ.

ನನಗೆ ಈ ಧನಸಹಾಯದಲ್ಲಿ ಕಾಣುವ ಕೊರತೆ ಬೇರೆ. ಅದು ಪರಿವರ್ತನೆಯ ದಿನದವರೆಗೆ ಮಾತ್ರ ಇದೆ. ಸ್ಯಾನ್ ಡಿಯಾಗೋ ಬಳಿಯ ಚೂಲಾ ವಿಸ್ಟಾದಲ್ಲಿ 2007ರಲ್ಲಿ ಒಂದು ತಪ್ಪು ಜೋಡಣೆ ಬಯಲಾಯಿತು: ಒಂದು ವ್ಯಾಪಾರ ಸಂಕೀರ್ಣದ ಹತ್ತಕ್ಕೂ ಹೆಚ್ಚು ಮಳಿಗೆ-ಕಚೇರಿಗಳಿಗೆ ಸುಮಾರು ಎರಡು ವರ್ಷ ತೋಟದ ನೀರೇ ನಲ್ಲಿಯಲ್ಲಿ ಬಂದಿತ್ತು. ಕಟ್ಟಡದೊಳಗೆ ಎರಡೂ ಪೈಪು ಇರುವಲ್ಲಿ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಅಡ್ಡಜೋಡಣೆಯ ಪರೀಕ್ಷೆ ಆಗಬೇಕೆಂದು ನಿಯಮವಿದೆ. ಪ್ರತಿ ಅಂಗಳಕ್ಕೂ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕೆಂದು ಮಂಡಳಿಗಳು ಕೇಳುತ್ತವೆ. ಮಾಲಿ ಬದಲಾಗುತ್ತಾನೆ, ಗುತ್ತಿಗೆ ಬದಲಾಗುತ್ತದೆ, ಒಡೆದ ನೇರಳೆ ಮುಚ್ಚಳದ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕ ಹಸಿರು ಮುಚ್ಚಳ ಬರುತ್ತದೆ. ಈ ಮುಂದಿನ ಮೂವತ್ತು ವರ್ಷದ ಖರ್ಚು ಸಾಮಾನ್ಯವಾಗಿ ಗ್ರಾಹಕನ ತಲೆಯ ಮೇಲೇ ಉಳಿದಿದೆ; ಪರಿವರ್ತನೆಗೆ ಹಿಂಜರಿಯುವ ಶಾಲೆಗಳು, ಸಂಘಗಳು ಸಲಹೆಗಾರನನ್ನು ಎರಡನೆಯ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ.